ವೀಳ್ಯದೆಲೆಯ ಪುಟದಲ್ಲಿ ಸೈಟು ಮಾರಿದವರು

ಆನೆಯ ಪುಟದಲ್ಲಿ ಸೈಟು ಮಾರಾಟದ ಜಾಹೀರಾತು ಕಂಡ ದಿನ ನನ್ನ ಡೈರಿಯಲ್ಲಿ ಇಷ್ಟೇ ಇದೆ: ‘ಭಾನುವಾರ. ಸೈಬರ್ ಸೆಂಟರಿನಲ್ಲಿ ಒಂದು ಗಂಟೆ. ಆನೆ, ಅರಮನೆ, ಮೈಸೂರು ಪಾಕ್, ರೈಲು ನಿಲ್ದಾಣ. ನಾಲ್ಕು ಪುಟಗಳಲ್ಲೂ ಅದೇ ಕೊಂಡಿ. ನಾಲ್ಕನ್ನೂ ಕಿತ್ತೆ.’

2007ರ ಜನವರಿ ಅದು. ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದೆ. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶವೊಂದು ಅಂತರಜಾಲದಲ್ಲಿ ಕನ್ನಡದಲ್ಲೂ ಇದೆಯೆಂದು ಗೊತ್ತಾಗಿ ಒಂದು ವರ್ಷವಾಗಿತ್ತು. ಆಗ ಅಲ್ಲಿ ಬರೆಯುವವರು ಎಷ್ಟು ಕಡಿಮೆಯೆಂದರೆ, ಅಲ್ಪವಿರಾಮ ಹಾಕುವ ರೀತಿ ನೋಡಿ ಇದು ಇಂಥವರದೇ ಎಂದು ಗುರುತು ಹಿಡಿಯಬಹುದಿತ್ತು. ಸಿದ್ಧಾರ್ಥನಗರದಲ್ಲಿ ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ ಸೈಬರ್ ಸೆಂಟರ್ ಇತ್ತು. ಅಲ್ಲಿನ ಕಂಪ್ಯೂಟರುಗಳಲ್ಲಿ ಕನ್ನಡ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತಿದ್ದವು. ಕಿಟಕಿ ಪಕ್ಕದ ಒಂದಕ್ಕೆ ಮಾತ್ರ ನಾನೇ ಫಾಂಟ್ ಹಾಕಿಕೊಂಡಿದ್ದೆ. ಅಲ್ಲಿ ಬೇರೆ ಯಾರಾದರೂ ಕೂತಿದ್ದರೆ ಅವರು ಏಳುವವರೆಗೆ ನಿಂತೇ ಇರುತ್ತಿದ್ದೆ.

“ಬೇರೆ ಸಿಸ್ಟಂ ಖಾಲಿ ಇದ್ಯಲ್ಲಮ್ಮ, ಕೂತ್ಕೊ,” ಅನ್ನುತ್ತಿದ್ದರು ಸೆಂಟರಿನವರು.

“ಅದ್ರಲ್ಲಿ ಡಬ್ಬಿ ಡಬ್ಬಿ ಬರುತ್ತೆ ಸಾರ್.”

“ಇಂಗ್ಲಿಷಲ್ಲಿ ಬರಿ, ಡಬ್ಬಿ ಬರಲ್ಲ,” ಎಂದು ನಗುತ್ತಿದ್ದರು.

ಐದನೆಯ ಕೊಂಡಿ ಸಿಕ್ಕಿದ್ದು ಎರಡು ದಿನದ ಮೇಲೆ, ವೀಳ್ಯದೆಲೆಯ ಪುಟದಲ್ಲಿ. ಅದು ನನ್ನ ಪುಟ. ಮೊದಲ ಅಕ್ಷರದಿಂದ ನಾನೇ ಬರೆದದ್ದು. ನಡುವಿನ ಒಂದು ಪ್ಯಾರಾ ನಮ್ಮ ತಾತನ ಎಲೆತೋಟದ್ದು: ಅಗಸೆ ಮರಕ್ಕೆ ಬಳ್ಳಿ ಹಬ್ಬಿಸುತ್ತಿದ್ದ ಬಗೆ, ಕಾಲುವೆಯಿಂದ ನೀರು ಬಿಡುತ್ತಿದ್ದ ಸರದಿ, ಹೆಬ್ಬೆರಳಿಗೆ ಕಬ್ಬಿಣದ ಉಗುರು ಹಾಕಿಕೊಂಡು ಎಲೆ ಕೀಳುತ್ತಿದ್ದ ಹೆಂಗಸರು. ಪುಟದ ಬುಡದಲ್ಲಿ ಯಾರೋ ಸೇರಿಸಿದ್ದರು: ‘ಅಶೋಕಪುರಂ ಸಮೀಪ, ಐತಿಹಾಸಿಕ ಎಲೆತೋಟದ ಮಡಿಲಲ್ಲಿ ನಿಮ್ಮ ಕನಸಿನ ಸೈಟು. ಇಲ್ಲಿ ಕ್ಲಿಕ್ ಮಾಡಿ.’

ಕ್ಲಿಕ್ ಮಾಡಿದೆ. ಐತಿಹಾಸಿಕ ಎಲೆತೋಟ ಅಂದರೆ ನಮ್ಮದೇ.

ಆ ತೋಟ ಮಾರಿ ಮೂರು ವರ್ಷವಾಗಿತ್ತು. ಕಾಲುವೆಯಲ್ಲಿ ಬಚ್ಚಲ ನೀರು ಹರಿಯತೊಡಗಿತ್ತು. ಅಪ್ಪ ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಪಾಳಿ ಮಾಡುತ್ತಿದ್ದರು, ತೋಟಕ್ಕೆ ಆಳಿರಲಿಲ್ಲ. ಮಾರಿದ್ದಕ್ಕೆ ತಾತನಿಗೆ ಕೋಪವಿರಲಿಲ್ಲ. ಕೋಪವಿದ್ದದ್ದು ತಾಂಬೂಲದ ಬಗ್ಗೆ. ಬಡಾವಣೆಯ ಮಾಲೀಕ ನಮ್ಮ ನಡುಮನೆಯಲ್ಲಿ ಕೂತು, ಬಾವಿ ಇದ್ದ ಮೂಲೆಯನ್ನೂ ಅದರ ಸುತ್ತಲಿನ ಬಳ್ಳಿ ಸಾಲನ್ನೂ ಪಾರ್ಕಿಗೆಂದು ಉಳಿಸುತ್ತೇನೆ, ‘ಎಲೆತೋಟ’ ಅಂತ ಬೋರ್ಡು ಹಾಕಿಸುತ್ತೇನೆ ಎಂದು ಹೇಳಿ, ತಾತನ ಕೈಯಿಂದ ಅದೇ ತೋಟದ ಎಲೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಿದ್ದ. ಕ್ರಯಪತ್ರದಲ್ಲಿ ಆ ಮಾತಿನ ಒಂದಕ್ಷರವೂ ಇರಲಿಲ್ಲ.

“ಯಾಕ್ ಬರೆಸ್ಲಿಲ್ಲ ತಾತ?” ಎಂದು ಆಮೇಲೆ ಕೇಳಿದ್ದೆ.

“ಎಲೆ ಈಸ್ಕೊಂಡವ್ನೆ ಕಣ್ ಮಗ. ಎಲೆ ಈಸ್ಕೊಂಡ ಮ್ಯಾಕೆ ಬರೆಸೋದು ಏನೈತೆ?”

ಮೂರು ತಿಂಗಳಲ್ಲಿ ಅವನು ಬಾವಿ ಮುಚ್ಚಿಸಿದ್ದ.

ಆ ಕೊಂಡಿಯನ್ನೂ ಕಿತ್ತೆ. ಡೈರಿಯಲ್ಲಿ ಹೊಸ ಪುಟ ತೆಗೆದು ಗೆರೆ ಎಳೆದೆ: ದಿನ, ಪುಟ, ಹಾಕಿದ್ದು, ಕಿತ್ತದ್ದು. ಮುಂದಿನ ಭಾನುವಾರ ಹೋದರೆ ಐದೂ ಮತ್ತೆ ಹಾಕಿದ್ದರು. ಜೊತೆಗೆ ಚಾಮುಂಡಿ ಬೆಟ್ಟ, ಬದನೆಕಾಯಿ, ದಸರೆ. ಬದನೆಕಾಯಿಗೂ ಸೈಟಿಗೂ ಏನು ಸಂಬಂಧವೋ. ಹಾಕುತ್ತಿದ್ದ ಬಳಕೆದಾರ ಬಡಾವಣೆಯ ಹೆಸರನ್ನೇ ತನ್ನ ಹೆಸರಾಗಿ ಇಟ್ಟುಕೊಂಡಿದ್ದ. ಅದು ಮಾಲೀಕನೋ, ಅವನ ಆಫೀಸಿನಲ್ಲಿ ಸಂಬಳಕ್ಕೆ ಕೂತವನೋ, ನನಗೆ ಗೊತ್ತಾಗಲಿಲ್ಲ. ತಿಳಿದುಕೊಳ್ಳುವ ಆಸೆಯೂ ಇರಲಿಲ್ಲ. ದ್ವೇಷ ಸಾಧಿಸಲು ಒಂದು ಹೆಸರು ಸಾಕಿತ್ತು.

ವಿಶ್ವಕೋಶದಲ್ಲಿ ಒಂದು ಕ್ರಮವಿತ್ತು. ಜಾಹೀರಾತು ಅಂಟಿಸುವವನನ್ನೂ ಮೊದಲು ಒಳ್ಳೆಯವನೆಂದೇ ಭಾವಿಸಬೇಕು. ಅವನಿಗೆ ಸಂದೇಶ ಬಿಡುವ ಚರ್ಚೆ ಪುಟದಲ್ಲಿ ಮೊದಲು ಸ್ವಾಗತ, ಆಮೇಲೆ ವಿನಂತಿ, ಆಮೇಲೆ ಎಚ್ಚರಿಕೆ, ಕಡೆಗೆ ಕೊನೆಯ ಎಚ್ಚರಿಕೆ. ಈ ಮೆಟ್ಟಿಲುಗಳನ್ನು ಹತ್ತಿದ ಮೇಲೆಯೇ ನಿರ್ವಾಹಕರು ಅವನು ಇನ್ನು ಬರೆಯದ ಹಾಗೆ ಬಾಗಿಲು ಹಾಕುವುದು. ಸ್ವಾಗತ ಬರೆದು ಬಂದ ಸಂಜೆ ತಾತ ವರದಿ ಕೇಳಿದರು.

“ಏನಂತ ಬರ್ದೆ ಅವ್ನಿಗೆ?”

“‘ನಿಮ್ಮ ಕೊಡುಗೆಗೆ ಧನ್ಯವಾದಗಳು. ದಯವಿಟ್ಟು ಜಾಹೀರಾತಿನ ಕೊಂಡಿಗಳನ್ನು ಸೇರಿಸಬೇಡಿ’ ಅಂತ.”

“ಧನ್ಯವಾದವಾ?” ತಾತ ಬಾಯಲ್ಲಿದ್ದ ಎಲೆಯನ್ನು ಒಂದು ಕೆನ್ನೆಗೆ ತಳ್ಳಿದರು. “ಮಾತು ತಿಂದವ್ನಿಗೆ ಧನ್ಯವಾದ ಯೋಳ್ಬುಟ್ಟು ಬಂದ್ಯಾ? ಬೈಯಕ್ಕೆ ಬರಕಿಲ್ವಾ ನಿಂಗೆ? ನಾ ಯೋಳ್ತೀನಿ, ಬರ್ಕೊ.”

“ಬೈದ್ರೆ ನನ್ನೇ ಆಚೆ ಹಾಕ್ತಾರೆ ತಾತ.”

“ಥೂ, ಎಂಥ ಪುಸ್ತಕ ಕಣವ್ವ ಅದು! ಮಾನ ಇರೋರು ಬರ್ಯಂಗೇ ಇಲ್ಲ.”

ನಾನೂ ಒಳಗೊಳಗೆ ತಾತನ ಕಡೆಯೇ. ಆದರೆ ಬಹುವಚನದಲ್ಲಿ ಕುತ್ತಿಗೆ ಹಿಸುಕುವ ಸುಖ ನನಗೆ ಆಗ ಹತ್ತಿತ್ತು. ‘ತಾವು’, ‘ದಯಮಾಡಿ’, ‘ತಮ್ಮ ಗಮನಕ್ಕೆ’. ಒಂದೊಂದು ಪದವನ್ನೂ ಹಲ್ಲು ಕಚ್ಚಿ ಆರಿಸುತ್ತಿದ್ದೆ. ಮಾರ್ಚ್ ಕೊನೆಗೆ ಕಿತ್ತ ಕೊಂಡಿಗಳು ನಲವತ್ತೊಂದು. ಪರೀಕ್ಷೆಯ ಹಿಂದಿನ ದಿನವೂ ಎರಡು ಕಿತ್ತು ಬಂದಿದ್ದೆ.

ಏಪ್ರಿಲಿನಲ್ಲಿ ಅವನು ದೊಡ್ಡದಕ್ಕೆ ಕೈ ಹಾಕಿದ. ಬಡಾವಣೆಯ ಮಾಲೀಕನ ಹೆಸರಿನಲ್ಲೇ ಒಂದು ಪುಟ ಹುಟ್ಟಿತು. ‘ಹೆಸರಾಂತ ಸಮಾಜಸೇವಕರು, ಕೊಡುಗೈ ದಾನಿಗಳು, ಪರಿಸರಪ್ರೇಮಿಗಳು. ಹಳೆಯ ಎಲೆತೋಟವನ್ನು ಉದ್ಯಾನವಾಗಿ ಉಳಿಸಿಕೊಂಡು ಮಾದರಿಯಾದವರು.’ ಕೊನೆಯ ವಾಕ್ಯವನ್ನು ಎರಡು ಸಲ ಓದಿದೆ. ಇಷ್ಟು ದಿನ ಬಾಲ ಮಾತ್ರ ಸಿಗುತ್ತಿತ್ತು. ಈಗ ಇಡೀ ಪ್ರಾಣಿಯೇ ಬೋನಿಗೆ ಬಂದಿತ್ತು.

ಪ್ರತಿ ವಾಕ್ಯದ ಮುಂದೆಯೂ ‘ಆಕರ ಬೇಕು’ ಎಂಬ ಗುರುತು ಹಾಕಿದೆ. ಹೆಸರಾಂತ ಅಂತ ಹೇಳಿದವರು ಯಾರು? ಆಕರ ಬೇಕು. ಕೊಡುಗೈ? ಆಕರ ಬೇಕು. ಮುಗಿಸುವ ಹೊತ್ತಿಗೆ ಆ ಪುಟಕ್ಕೆ ಸಿಡುಬು ಎದ್ದ ಹಾಗಿತ್ತು. ಸ್ವಪ್ರಚಾರ, ಅಳಿಸಬೇಕು ಎಂದು ನಿರ್ವಾಹಕರಿಗೆ ಮನವಿ ಕೊಟ್ಟೆ. ಅವರು ಬೇರೆ ಊರಿನವರು, ನಾನು ಮುಖ ಕಂಡವರಲ್ಲ, ಸಹಿ ಮಾತ್ರ ಬಲ್ಲೆ. ಒಂದು ವಾರ ಕಾದು, ಪುಟವನ್ನು ಅಳಿಸಿದರು. ಆ ದಿನದ ಡೈರಿಯಲ್ಲಿ ಒಂದೇ ಪದವಿದೆ: ‘ಹೋದ.’

ಆದರೆ ಹೋಗಿರಲಿಲ್ಲ. ಈ ಆಟ ಆಡುವುದು ಹೇಗೆಂದು ಅವನಿಗೆ ನಾನೇ ಕಲಿಸಿಬಿಟ್ಟಿದ್ದೆ. ಅಲ್ಲಿ ಬರೆಯುವವರು ತಮ್ಮ ಪರಿಚಯಕ್ಕೆ ಒಂದು ಪುಟ ಇಟ್ಟುಕೊಳ್ಳುವ ರೂಢಿ. ನನ್ನ ಪುಟದಲ್ಲಿ ‘ಮೈಸೂರಿನ ಎಲೆತೋಟದ ಮನೆತನದವಳು’ ಎಂದು ಜಂಬದಿಂದ ಬರೆದುಕೊಂಡಿದ್ದೆ. ಅವನು ಅದನ್ನು ಹಿಡಿದುಕೊಂಡು ವೀಳ್ಯದೆಲೆಯ ಚರ್ಚೆ ಪುಟಕ್ಕೆ ಬಂದ. ‘ಈ ಪುಟದ ನಡುವಿನ ಪ್ಯಾರಾ ಬರೆದವರ ಸ್ವಂತ ಕುಟುಂಬದ ಪ್ರಚಾರ. ಆಕರ ಬೇಕು. ಇಲ್ಲವಾದರೆ ದಯಮಾಡಿ ಅಳಿಸಬೇಕು.’ ದಯಮಾಡಿ! ನನ್ನದೇ ಪದ.

ನಿರ್ವಾಹಕರು ಮರುದಿನ ಉತ್ತರಿಸಿದರು. ನಿಯಮ ಎಲ್ಲರಿಗೂ ಒಂದೇ, ಬಾಯಿಮಾತು ಆಕರವಾಗುವುದಿಲ್ಲ, ಪ್ರಕಟವಾದ ಬರಹ ಬೇಕು. ಎರಡು ಶನಿವಾರ ಗ್ರಂಥಾಲಯದಲ್ಲಿ ಕೂತೆ. ತೋಟಗಾರಿಕೆಯ ಪುಸ್ತಕಗಳಲ್ಲಿ ವೀಳ್ಯದೆಲೆಯ ರೋಗಗಳಿದ್ದವು, ಗೊಬ್ಬರವಿತ್ತು, ನಮ್ಮ ತಾತ ಇರಲಿಲ್ಲ. ಹಳೆಯ ಪತ್ರಿಕೆಗಳಲ್ಲೂ ಇರಲಿಲ್ಲ. ಖಾಲಿ ಕೈಯಲ್ಲಿ ಬಂದವಳಿಗೆ ನಿರ್ವಾಹಕರ ಇನ್ನೊಂದು ಟಿಪ್ಪಣಿ ಕಾದಿತ್ತು. ಅವರು ಪಾಪ, ಸಹಾಯ ಮಾಡಲೆಂದೇ ಹುಡುಕಿದ್ದರು. ‘ನೀವು ಹೇಳುವ ತೋಟದ ಬಗ್ಗೆ ಸಿಗುವ ಬರಹ ಆ ಬಡಾವಣೆಯ ಜಾಲತಾಣದ್ದು ಮಾತ್ರ. ಅದನ್ನು ಆಕರವಾಗಿ ಕೊಟ್ಟರೆ ಪ್ಯಾರಾ ಉಳಿಸಬಹುದು. ಆಗ ಅಲ್ಲಿರುವಂತೆ, ತೋಟದ ಒಂದು ಭಾಗ ಉದ್ಯಾನವಾಗಿ ಉಳಿದಿದೆ ಎಂಬುದನ್ನೂ ಸೇರಿಸಿ.’

ತಾತನ ತೋಟ ಉಳಿಯಬೇಕಾದರೆ ಬುಡದಲ್ಲಿ ಅವನ ಕೊಂಡಿ ಇರಬೇಕು. ಅವನ ಸುಳ್ಳನ್ನು ನನ್ನ ಕೈಯಲ್ಲೇ ಬರೆಯಬೇಕು.

ನನ್ನೊಬ್ಬಳ ವಿಷಯವಾಗಿದ್ದರೆ ಅಲ್ಲೇ ತೀರ್ಮಾನಿಸುತ್ತಿದ್ದೆ. ಆದರೆ ಆ ಪ್ಯಾರಾದ ಪ್ರಿಂಟ್ ತಾತನ ಎಲೆಅಡಿಕೆ ಸಂಚಿಯಲ್ಲಿತ್ತು. ಮಡಿಕೆಗಳಲ್ಲಿ ಸುಣ್ಣದ ಕಲೆ ಹತ್ತಿತ್ತು. ಕ್ಷೌರದಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಗಳಲ್ಲಿ ಅದನ್ನು ಬಿಚ್ಚಿ ತೋರಿಸುತ್ತಿದ್ದರು. ‘ಲೋಕದಾಗೆ ಎಲ್ಲಿ ಕುಂತ್ರೂ ಕಾಣ್ತದಂತೆ’ ಎನ್ನುತ್ತಿದ್ದರು. ಅವರಿಗೆ ಉಳಿದಿದ್ದ ತೋಟ ಅದೊಂದೇ.

ಎಲ್ಲ ಹೇಳಿದೆ. ತಾತ ಒಂದು ಎಲೆಯ ತೊಟ್ಟು ಮುರಿದರು.

“ಅವ್ನ ಎಸ್ರು ಕೆಳಗಿದ್ರೆ ನನ್ ತೋಟ ಮ್ಯಾಗಿರ್ತದೆ. ಅವ್ನು ಹೋದ್ರೆ ನಂದೂ ಹೋಯ್ತದೆ. ಅಂಗೇ ಅಲ್ವಾ?”

“ಹೂಂ.”

“ಪಾರ್ಕ್ ಐತೆ ಅಂತ ಬೇರೆ ಬರೀಬೇಕಾ?”

“ಬರೀಬೇಕಂತೆ.”

“ಅಂಗಾರೆ ಕಿತ್ತಾಕು ಎಲ್ಡ್ನೂವೆ.” ಎಲೆಗೆ ಸುಣ್ಣ ಸವರಿದರು. “ಅವ್ನ ಜೊತೇಲಿ ಒಂದೇ ಪುಟ್ದಲ್ಲಿ ಕುಂತ್ಕೊಳೋ ಕರ್ಮ ನಂಗ್ಯಾಕೆ?”

ಆ ಭಾನುವಾರ ಮೊದಲು ಅವನ ಕೊಂಡಿ, ಆಮೇಲೆ ನನ್ನ ಪ್ಯಾರಾ ತೆಗೆದೆ. ಕಾರಣ ಬರೆಯುವ ಜಾಗದಲ್ಲಿ ಎರಡಕ್ಕೂ ಒಂದೇ: ‘ಆಕರವಿಲ್ಲ.’ ತಾತನ ಅರವತ್ತು ವರ್ಷದ ಬೇಸಾಯ ಒಂದು ಗುಂಡಿ ಒತ್ತಿದ್ದಕ್ಕೆ ಹೋಯಿತು. ಅತ್ತೆನೆಂದು ಡೈರಿಯಲ್ಲಿಲ್ಲ. ಅಳಲಿಲ್ಲ. ಮನೆಗೆ ನಡೆಯುತ್ತಾ, ಇದರ ಬೆಲೆಯನ್ನು ಅವನಿಂದ ಹೇಗೆ ಕಕ್ಕಿಸಲಿ ಎಂದು ಮಾತ್ರ ಯೋಚಿಸುತ್ತಿದ್ದೆ.

ದಾರಿ ಕಂಡದ್ದು ನಿಯಮಗಳನ್ನೇ ಮತ್ತೆ ಓದುವಾಗ. ಬರೆದ ಮಾತಿಗೆ ಆಕರ ಬೇಕು; ನಾವೇ ತೆಗೆದ ಫೋಟೋಗೆ ಬೇಕಿಲ್ಲ. ಕಣ್ಣಿಗೆ ಕಂಡದ್ದನ್ನು ಸೇರಿಸಬಹುದು, ಅಡಿಬರಹ ಮಾತ್ರ ಕಂಡದ್ದನ್ನು ಮೀರಬಾರದು.

ಚಿಕ್ಕಪ್ಪನ ಡಿಜಿಟಲ್ ಕ್ಯಾಮೆರಾ ಕೇಳಿ ತಂದೆ. ತಾತನೂ ಹೊರಟರು. ಅಶೋಕಪುರಂನಲ್ಲಿ ಬಸ್ಸಿಳಿದು ನಡೆದೆವು. ತೋಟ ಮಾರಿದ ಮೇಲೆ ತಾತ ಆ ಕಡೆ ಕಾಲಿಟ್ಟಿರಲಿಲ್ಲ. ಆದರೂ ಬಾವಿಯ ಮೂಲೆಗೆ ನೇರ ಹೋಗಿ ನಿಂತರು. ಅಲ್ಲೊಂದು ದೊಡ್ಡ ಬೋರ್ಡಿತ್ತು. ಮೇಲೆ ಬಡಾವಣೆಯ ಹೆಸರು, ಕೆಳಗೆ ‘ಉದ್ಯಾನಕ್ಕಾಗಿ ಮೀಸಲಿಟ್ಟ ಜಾಗ’. ಬೋರ್ಡಿನ ಬೆನ್ನಿಗೇ ಯಾರದೋ ಮನೆ ಎದ್ದು ಲಿಂಟಲ್ ಮಟ್ಟ ಮುಟ್ಟಿತ್ತು. ಉಳಿದಿದ್ದ ಒಂದು ಅಗಸೆ ಮರದ ಬೊಡ್ಡೆಗೆ ಗಾರೆ ಕೆಲಸದವರು ಹಗ್ಗ ಕಟ್ಟಿ ಲುಂಗಿ ಒಣಹಾಕಿದ್ದರು.

“ಪಾರ್ಕ್ ಚೆನ್ನಾಗೈತೆ,” ಎಂದರು ತಾತ. “ತೆಗಿ. ಲುಂಗಿ ಬುಡಬ್ಯಾಡ, ಅದೂ ಬರ್ಲಿ.”

ಬೋರ್ಡು, ಗೋಡೆ, ಲುಂಗಿ ಮೂರೂ ಬರುವ ಹಾಗೆ ತೆಗೆದೆ. ವೀಳ್ಯದೆಲೆಯ ಪುಟದಲ್ಲಿ ಪ್ಯಾರಾ ಇದ್ದ ಜಾಗದಲ್ಲೇ ಅಂಟಿಸಿದೆ. ಅಡಿಬರಹ: ‘ಅಶೋಕಪುರಂ ಬಳಿಯ ಒಂದು ಬಡಾವಣೆ, ಮೇ 2007.’ ಒಂದು ವಿಶೇಷಣವೂ ಇಲ್ಲ. ಇದು ಎಲೆತೋಟದ ಜಾಗವೇ ಎಂದು ನಿರ್ವಾಹಕರು ಕೇಳಿದರು. ಹಾಗೆಂದು ಬಡಾವಣೆಯವರೇ ಪ್ರಕಟಿಸಿದ್ದಾರೆ, ನೀವೇ ಹುಡುಕಿ ಕೊಟ್ಟಿರಿ ಎಂದು ವಿನಯದಿಂದ ನೆನಪಿಸಿದೆ. ಅವರು ಫೋಟೋವನ್ನು ಹಾಗೇ ಬಿಟ್ಟರು.

ಹತ್ತು ದಿನದ ಮೇಲೆ ನನ್ನ ಚರ್ಚೆ ಪುಟದಲ್ಲಿ ಬಡಾವಣೆಯ ಹೆಸರಿನವನು ಬಂದ. ‘ಮೇಡಂ, ನಮಸ್ಕಾರ. ನಮ್ಮ ಬೋರ್ಡ್ ಇರುವ ಫೋಟೋ ತೆಗೆದುಬಿಡಿ. ಸೈಟ್ ನೋಡಲು ಬಂದ ಪಾರ್ಟಿಗಳು ಪಾರ್ಕ್ ಎಲ್ಲಿ ಅಂತ ಕೇಳುತ್ತಿದ್ದಾರೆ.’

ಆ ಮೂರು ಸಾಲು ಓದಿದಷ್ಟು ರುಚಿಯಾಗಿ ನಾನು ಏನನ್ನೂ ಓದಿಲ್ಲ. ಬದನೆಕಾಯಿಯನ್ನೂ ಬಿಡದೆ ಊರೆಲ್ಲ ತನ್ನ ಹೆಸರು ಅಂಟಿಸಿದವನು ಈಗ ಒಂದೇ ಒಂದು ಕಡೆಯಿಂದ ಅದನ್ನು ತೆಗೆಯಿರೆಂದು ಬೇಡುತ್ತಿದ್ದ. ನಿಧಾನವಾಗಿ ಉತ್ತರ ಬರೆದೆ: ‘ನಿಮ್ಮ ಕೊಡುಗೆಗೆ ಧನ್ಯವಾದಗಳು.’

ಅವನೇ ಕಿತ್ತ. ಮತ್ತೆ ಹಾಕಿದೆ. ಮತ್ತೆ ಕಿತ್ತ. ಈಗ ಕೀಳುವವನು ಅವನು, ಹಾಕುವವಳು ನಾನು. ಡೈರಿಯ ಅಂಕಣಗಳು ಅದಲುಬದಲಾಗಿದ್ದವು. ಸ್ವಾಗತ, ವಿನಂತಿ ಆಗಲೇ ಮುಗಿದಿದ್ದವು. ಎಚ್ಚರಿಕೆ, ಕೊನೆಯ ಎಚ್ಚರಿಕೆ ಎರಡನ್ನೂ ಕೈ ಮುಗಿದು ಬಡಿಸಿದೆ. ಜೂನ್ ಕೊನೆಗೆ ನಿರ್ವಾಹಕರು ಅವನಿಗೆ ಬಾಗಿಲು ಹಾಕಿದರು.

ಆ ಭಾನುವಾರ ತಾತನನ್ನು ಸೈಬರ್ ಸೆಂಟರಿಗೆ ಕರೆದುಕೊಂಡು ಹೋದೆ. ಸೆಂಟರಿನವರು ತಮ್ಮ ಕುರ್ಚಿಯನ್ನೇ ತಂದು ಹಾಕಿದರು. “ಕೂತ್ಕೊಳ್ಳಿ ಯಜಮಾನ್ರೆ. ನಿಮ್ ಮೊಮ್ಮಗ್ಳು ಇದೊಂದೇ ಸಿಸ್ಟಂ ಸವೆಸಿಬುಟ್ಳು.”

ತಾತ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. ತಮ್ಮ ಪ್ಯಾರಾ ಇಲ್ಲದ ಪುಟವನ್ನು ಅವರು ನೋಡುತ್ತಿದ್ದದ್ದು ಅದೇ ಮೊದಲು. ಬೆರಳನ್ನು ಫೋಟೋದ ಮೇಲಿಟ್ಟರು.

“ಬೋರ್ಡು ಚಿಕ್ಕದಾಗೋಯ್ತಲ್ಲ ಮಗ. ಓದಕ್ಕಾಯ್ತದಾ ಎಲ್ರಿಗೂ?”

“ಅದ್ರ ಮೇಲೆ ಒತ್ತಿದ್ರೆ ದೊಡ್ಡದಾಗುತ್ತೆ ತಾತ.”

“ಒತ್ತು.”

ಒತ್ತಿದೆ. ಮೇಲಿನಿಂದ ಕೆಳಗೆ ನಿಧಾನವಾಗಿ ಬಿಚ್ಚಿಕೊಂಡಿತು: ಮೊದಲು ಆಕಾಶ, ಆಮೇಲೆ ಅವನ ಹೆಸರು, ಆಮೇಲೆ ಮೀಸಲಿಟ್ಟ ಜಾಗ, ಗೋಡೆ, ಲುಂಗಿ. ತಾತ ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದಿದರು. ಪಕ್ಕದ ಕಂಪ್ಯೂಟರಿನವರೂ ತಿರುಗಿ ನೋಡಿದರು. ಓದಿ ಮುಗಿಸಿ, ಸಂಚಿ ಬಿಚ್ಚಿ, ಒಂದು ಎಲೆ ತೆಗೆದು ಪಂಚೆಗೆ ಒರೆಸಿಕೊಂಡರು.

“ಇನ್ನೊಂದ್ ದಪ ಒತ್ತು,” ಎಂದರು.