ದೊಡ್ಡವ್ವನ ಕಾಲು, ನನ್ನ ಬೆನ್ನಿನ ತಂತಿ

ನಮ್ಮ ದೊಡ್ಡವ್ವ ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರು ತುಳಿದರೆ ಸೊಂಟನೋವು ಓಡಿಹೋಗುತ್ತದೆ ಎಂದು ನಮ್ಮೂರು ಹೂಲಿಯಲ್ಲಷ್ಟೇ ಅಲ್ಲ, ಮುರಗೋಡದ ತನಕ ನಂಬುತ್ತಾರೆ. ರವಿವಾರ ಮುಂಜಾನೆ ಆಕೆ ಚಹಾ ಕುಡಿಯುವ ಮೊದಲೇ ಜನ ಬಂದು ನಮ್ಮ ಪಡಸಾಲೆಯ ಕಂಬಳಿಯ ಮೇಲೆ ಬೋರಲು ಮಲಗುತ್ತಾರೆ. ಬಾಯಿಬಿಟ್ಟು ಕೇಳುವಂತಿಲ್ಲ, ಬೋರಲು ಮಲಗಿದರೆ ಕೇಳಿದ ಹಾಗೆ. ಆಕೆಯೂ ಮಾತಾಡುವುದಿಲ್ಲ. ಎಡಗಾಲಿನಿಂದ ಮೂರು ಸಲ ತುಳಿದು, ಹಿತ್ತಲಿಗೆ ಹೋಗಿ ಕಾಲು ತೊಳೆದುಕೊಳ್ಳುತ್ತಾಳೆ.

ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಈಕೆ. ನಾನು ಸವದತ್ತಿಯಿಂದ ರಾಮದುರ್ಗಕ್ಕೆ ಟೆಂಪೋ ಹೊಡೆಯುತ್ತಿದ್ದೆ. ಬೆನ್ನಿನ ಆಪರೇಶನ್ ಆಯಿತು, ನೋವು ಮಾತ್ರ ಹೋಗಲಿಲ್ಲ. ಎಡಗಾಲಿನೊಳಗೆ ಕಾದ ಸಲಾಕೆ ಎಳೆದ ಹಾಗೆ, ವರ್ಷಗಟ್ಟಲೆ. ಮೊದಲೇ ನಾನು ಮುಂಗೋಪಿ. ನೋವಿನಲ್ಲಿ ಹೆಂಡತಿ ಕೊಟ್ಟ ತಾಟು ಬೀಸಿ ಒಗೆದದ್ದೂ ಉಂಟು.

"ಊರ ಮಂದಿ ಬೆನ್ನೆಲ್ಲಾ ತುಳದೇನಿ. ಮನಿ ಮಗನ ಬೆನ್ನ ಮುಟ್ಟಿಲ್ಲ. ಒಂದ ಸರ್ತಿ ಮಕ್ಕೊಳ್ಳೋ ಯಪ್ಪಾ" ಎಂದು ದೊಡ್ಡವ್ವ ಗೋಗರೆಯುತ್ತಿದ್ದಳು.

"ತುಳದ್ರ ನೆಟ್ಟಗಾಗೂದಿದ್ರ ನಮ್ಮೂರ ರೋಡ ಯಾವಾಗೋ ನೆಟ್ಟಗಾಗತಿತ್ತು" ಎಂದು ನಾನು ಚಾಷ್ಟಿ ಮಾಡುತ್ತಿದ್ದೆ. ಹೆಂಡತಿ ನಗುತ್ತಿದ್ದಳು. ದೊಡ್ಡವ್ವ ಒಮ್ಮೆಯೂ ನಗಲಿಲ್ಲ.

ಕಡೆಗೆ ಹುಬ್ಬಳ್ಳಿಯ ಡಾಕ್ಟರೊಬ್ಬರು ಬೇರೆ ದಾರಿ ಹೇಳಿದರು. ಬೆನ್ನುಹುರಿಯ ಪಕ್ಕಕ್ಕೆ ಶಾವಿಗೆಯಷ್ಟು ದಪ್ಪನೆಯ ತಂತಿ ಇಟ್ಟು ಸಣ್ಣ ಕರೆಂಟು ಬಿಡುವುದು. ನೋವಿನ ಸುದ್ದಿ ಮಿದುಳಿಗೆ ಮುಟ್ಟುವ ಮೊದಲೇ ಅದನ್ನು ತಡೆಯುವುದು. ಮೊದಲು ಒಂದು ವಾರದ ಪರೀಕ್ಷೆ. ತಂತಿಯ ತುದಿ ಚರ್ಮದಿಂದ ಹೊರಗೆ, ಮೇಲೊಂದು ಪಟ್ಟಿ, ಮಶೀನು ಸೊಂಟದ ಬೆಲ್ಟಿನಲ್ಲಿ. ವಾರದಲ್ಲಿ ನೋವು ಅರ್ಧಕ್ಕಿಳಿದರೆ ಕಾಯಂ ಮಶೀನನ್ನು ಒಳಗೇ ಕೂರಿಸುತ್ತಾರೆ.

"ಬಗ್ಗಬ್ಯಾಡ್ರಿ, ತಿರುವಬ್ಯಾಡ್ರಿ, ಬೋರಲ ಮಕ್ಕೋಬ್ಯಾಡ್ರಿ. ತಂತಿ ಚೂರು ಸರದ್ರ ಎಲ್ಲಾ ನೀರಾಗ ಹೋಮ ಮಾಡಿದಂಗ" ಎಂದರು ಡಾಕ್ಟರು.

ಕರೆಂಟು ಬಿಟ್ಟಾಗ ಕಾಲಲ್ಲಿ ಜುಮುಜುಮು ಎಂದಿತು, ಸಲಾಕೆ ತಣ್ಣಗಾಯಿತು. ಆಸ್ಪತ್ರೆಯ ಮಂಚದ ಮೇಲೆಯೇ ಕುಳಿತು ಅತ್ತುಬಿಟ್ಟೆ. ಊರಿಗೆ ಬಂದು ಅಂಗಳದಲ್ಲಿ ಅಡ್ಡಾಡಿದೆ. ಹೆಂಡತಿ ಓಣಿಗೆಲ್ಲ ಹೇಳಿ ಬಂದಳು: "ಈ ರವಿವಾರ ಯಾರೂ ಬರಬ್ಯಾಡ್ರಿ, ಮನ್ಯಾಗ ಗದ್ಲ ಬ್ಯಾಡ." ದೊಡ್ಡವ್ವ ಮಾತ್ರ ಹಿಂದೆ ಹಾದಾಗಲೆಲ್ಲ ನಿಂತುಬಿಡುತ್ತಿದ್ದಳು. ಪೊರೆ ಬಂದ ಕಣ್ಣು ನನ್ನ ಬೆನ್ನಿನ ಮೇಲೆಯೇ. ನಾನು ಅಂಗಿ ಜಗ್ಗಿ ಬೆನ್ನು ಮುಚ್ಚಿಕೊಳ್ಳುತ್ತಿದ್ದೆ.

ರವಿವಾರ ಬಂತು. ಪಡಸಾಲೆಗೆ ಎಳೆಬಿಸಿಲು ಬಿದ್ದಿತ್ತು. ಯಾರೂ ಬರುವುದಿಲ್ಲವೆಂದು ಗೊತ್ತಿದ್ದರೂ ದೊಡ್ಡವ್ವ ರೂಢಿಯಂತೆ ಕಂಬಳಿ ಹಾಸಿದ್ದಳು. ಮಗ್ಗುಲಾಗಿ ಮಲಗಿ ಮಲಗಿ ಬೇಸತ್ತಿದ್ದೆ. ಅದರ ಮೇಲೆ ಒರಗಿದೆ, ಹಾಗೇ ಜೋಂಪು ಹತ್ತಿತು. ನಿದ್ದೆಯಲ್ಲಿ ಯಾವಾಗ ಬೋರಲಾದೆನೋ ಗೊತ್ತಿಲ್ಲ. ಅಷ್ಟು ವರ್ಷ ನೋವು ನನ್ನನ್ನು ಹಾಗೆ ಮಲಗಲು ಬಿಟ್ಟಿರಲಿಲ್ಲ.

ಸೀರೆ ಸರಿದ ಸಪ್ಪಳ ಕೇಳಿಸಿತು. ಎಚ್ಚರವಾಗುವಷ್ಟರಲ್ಲಿ ಮೊದಲ ತುಳಿತ ಬಿದ್ದಿತ್ತು. "ಬ್ಯಾಡ" ಎನ್ನಲು ಉಸಿರೇ ಬರಲಿಲ್ಲ. ಮೂರನೆಯದಕ್ಕೆ ಬೆನ್ನೊಳಗೆ ಏನೋ ಸರಕ್ಕನೆ ಜಾರಿತು. ಜುಮುಜುಮು ಕಾಲು ಬಿಟ್ಟು ಪಕ್ಕೆಲುಬಿಗೆ ಹತ್ತಿತು. ಬೆಲ್ಟಿನ ಮಶೀನಿನಲ್ಲಿ ಕರೆಂಟು ಏರಿಸಿದೆ, ಪಕ್ಕೆ ಅದುರಿತು, ಕಾಲು ಸುಮ್ಮನಿತ್ತು. ಆಮೇಲೆ, ಅವಸರವೇ ಇಲ್ಲದೆ, ಸಲಾಕೆ ಮರಳಿ ಬಂತು.

ದೊಡ್ಡವ್ವ ಕಾಲು ತೊಳೆಯಲು ಹೋಗಲಿಲ್ಲ. ಪಕ್ಕದಲ್ಲೇ ಕುಳಿತು, ಎಂದೂ ಮುರಿಯದ ಮೌನ ಮುರಿದಳು. "ನೀನಾಗೇ ಬಂದ ಮಕ್ಕೊಂಡಿ ನೋಡು. ಈ ಒಂದ ದಿನಕ್ಕ ಕಾದಿದ್ನೆಪಾ ನಾ. ಹಗರಾತಿಲ್ಲೋ?"

ಆಕೆಯನ್ನು ಹಿಡಿದು ದೂಡಿಬಿಡುವಷ್ಟು ಸಿಟ್ಟು ಬಂತು. ಬಾಗಿಲಲ್ಲಿ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ದೊಡ್ಡವ್ವನ ಕಣ್ಣಲ್ಲಿ ನೀರು ತುಂಬಿತ್ತು.

"ಹಗರಾತು ದೊಡ್ಡವ್ವ" ಎಂದೆ.

ಹುಬ್ಬಳ್ಳಿಯಲ್ಲಿ ಎಕ್ಸ್‌ರೇ ನೋಡಿ ಡಾಕ್ಟರು ತಲೆಯಾಡಿಸಿದರು. ತಂತಿ ಜಾರಿತ್ತು, ಎಳೆದು ತೆಗೆದರು. ಗಾಯ ಮಾಯ್ದ ಮೇಲೆ ಮತ್ತೆ ಮೊದಲಿನಿಂದ. "ಇನ್ನೊಂದ ಸರ್ತಿ ಹಿಂಗಾದ್ರ ನನ್ನ ಕೈಯಾಗ ಏನೂ ಇಲ್ರಿ" ಎಂದರು. ಏನಾಯಿತೆಂದು ಕೇಳಿದಾಗ ನಿದ್ದೆಯಲ್ಲಿ ಹೊರಳಿದೆ ಎಂದಷ್ಟೇ ಹೇಳಿದೆ.

ಈಗ ನಮ್ಮ ಮನೆಗೆ ರವಿವಾರ ಮೊದಲಿಗಿಂತ ಹೆಚ್ಚು ಜನ. ಮನೆ ಮಗನ ಬೆನ್ನು ಹಗುರಾದ ಕಥೆಯನ್ನು ದೊಡ್ಡವ್ವ ಎಲ್ಲರಿಗೂ ಹೇಳಿದ್ದಾಳೆ. ನಾನು ಕಾಲು ಎಳೆದುಕೊಂಡು ನಡೆಯುವುದು ಆಕೆಗೂ ಕಾಣುತ್ತದೆ. ಅದಕ್ಕೂ ಆಕೆಯ ಹತ್ತಿರ ಉತ್ತರವಿದೆ.

"ಅರ್ಧಾ ಹೋಗೇತಿ. ನೀ ಆ ತಂತಿ ಹಾಕಿಸ್ಕೊಂಡ ಬಾ. ಉಳದದ್ದ ನಾ ತೆಗೀತೇನಿ."

ಹಗುರಾಯಿತು ಎಂದ ಬಾಯಿಂದ ಈಗ ಏನು ಹೇಳಲಿ? ಬರುವ ವಾರ ಹುಬ್ಬಳ್ಳಿಗೆ ಹೋಗಬೇಕು. ಹೆಂಡತಿ ಮೊನ್ನೆಯಷ್ಟೇ ಕಂಬಳಿಯನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದಳು. ಇವತ್ತು ಮುಂಜಾನೆ ನೋಡಿದರೆ, ದೊಡ್ಡವ್ವ ಅದನ್ನು ಒಗೆದು ಅಂಗಳದಲ್ಲಿ ಒಣಹಾಕಿದ್ದಾಳೆ.