ಜೈಲಿನ ಹಿತಕಿದ ಬೇಳೆ

ನಮ್ಮೂರು ಹರವೆಯಿಂದ ನಾನು ತರಕಾರಿ ಹಾಕುತ್ತಿದ್ದ ಜೈಲಿನಲ್ಲಿ, ಒಳಗೆ ಗಾಂಜಾ ಯಾರು ಮಾರಬೇಕು ಅಂತ ಎರಡು ಗುಂಪುಗಳಿಗೆ ಹೊಡೆದಾಟ. ಮೂಟೆ ಇಳಿಸುವಾಗ ಒಂದು ಗುಂಪಿನವನು ಪಕ್ಕಕ್ಕೆ ಬಂದ.

"ಅಣ್ಣೋ, ನಾಳೆ ಅವರೆಕಾಯಿ ಮೂಟೇಲಿ ನಮ್ ಮಾಲು ಬರ್ಬೇಕು. ಇಲ್ದಿದ್ರೆ ಆಚೆ ನಮ್ಮೋರವ್ರೆ."

ಬಾಯಿಗೆ ಬಂದ ಸುಳ್ಳು ಹೇಳಿದೆ. "ನೀನು ತಡ ಮಾಡ್ಬುಟ್ಟೆ ಕಣಪ್ಪ, ಆ ಗುಂಪಿನೋರು ಅವ್ರ ಮಾಲು ತರಾಕೆ ಆಗ್ಲೇ ಯೋಳವ್ರೆ."

ಮರುದಿನದಿಂದ ಅವನ ಕಡೆಯವರು ನನ್ನ ಮೂಟೆ ಸುರುವಿಕೊಂಡು, ಒಂದೊಂದೇ ಕಾಯಿ ಸುಲಿದು ಮಾಲು ಹುಡುಕತೊಡಗಿದರು. ಅದನ್ನು ಕಂಡು ಅನುಮಾನ ಬಂದ ಎದುರು ಗುಂಪೂ ಸುಲಿಯೋಕೆ ಕೂತಿತು. ಅಡುಗೆಯವನು ಇದೇ ಸಮಯ ಅಂತ ನೆನೆಸಿದ ಕಾಳನ್ನೂ ಸಿಪ್ಪೆ ಹಿತಕೋಕೆ ಅವರ ಮುಂದಿಟ್ಟ. ಅವರೆಕಾಲ ಮುಗಿಯುವವರೆಗೂ ಜೈಲಿಗೆಲ್ಲ ಹಿತಕಿದ ಬೇಳೆ ಸಾರು. ನನ್ನ ತಂಟೆಗೆ ಯಾರೂ ಬರಲಿಲ್ಲ.

ಮನೆಯಲ್ಲಿ ಆ ಸಾರು ಕೇಳಿದರೆ ಹೆಂಡತಿ, "ಕುಂತ್ಕಂಡು ಹಿತಕೋರು ಯಾರವ್ರೆ? ಜೈಲಿಗೇ ಓಗಿ ಉಂಡ್ಕಂಡ್ ಬನ್ನಿ" ಅನ್ನುತ್ತಾಳೆ.