ಹಳೇದೆಲ್ಲಿ ಹಾಕಿದ್ರಿ?

ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದು, ಕಾರಿನ ಬಾನೆಟ್ಟಿನೊಳಗೆ ಅರ್ಧ ಮೈ ಬಗ್ಗಿಸಿ ನಿಂತಿದ್ದ ಹೆಂಗಸೊಬ್ಬರನ್ನು ನಾನು ಮೊದಲು ಕಂಡದ್ದು ತುಮಕೂರಿನ ಈ ಬೀದಿಗೆ ಬಾಡಿಗೆಗೆ ಬಂದ ದಿನ. ನಮ್ಮ ಕಡೆ ಸೀರೆಯ ಮೇಲೆ ಅಂಗಿ ತೊಡುವವರು ರಾಗಿ ಕೊಯ್ಲಿಗೆ ಹೋಗುವ ಹೆಂಗಸರು. ಯಾರೋ ಕೆಲಸದವರಿರಬೇಕೆಂದು, "ಈ ಕಾರಿನ ಓನರ್ ಎಲ್ಲಿದ್ದಾರಮ್ಮ? ಸ್ವಲ್ಪ ಸರಿಸಬೇಕಿತ್ತು, ಸಾಮಾನಿನ ಲಾರಿ ಬರುತ್ತೆ" ಎಂದೆ.

ಅವರು ತಲೆ ಎತ್ತದೆ ಹೇಳಿದರು: "ಓನರ್ ತೀರ್ಕಂಡು ಆರು ವರ್ಷ ಆಯ್ತು. ಈಗ ನಾನೇ. ಸರಿಸ್ತೀನಿ ಇರಿ, ಇದೊಂದ್ ಬೋಲ್ಟ್ ಬಿಗಿಯಾಗ್ಲಿ."

ಅವರು ಸರ್ವಮಂಗಳಾ ಮೇಡಂ. ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಕಾರು ಗಂಡನದು, ಅಂಗಿಯೂ ಗಂಡನದೇ. ಹಣೆಯ ತುಂಬ ವಿಭೂತಿ, ಉಗುರಿನ ಸಂದಿಯಲ್ಲಿ ಗ್ರೀಸು. ನನಗೂ ಅವರಿಗೂ ನಡುವೆ ಇದ್ದದ್ದು ಎದೆಮಟ್ಟದ ಒಂದು ಕಾಂಪೌಂಡು ಗೋಡೆ. ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತನಾಗಿರುವ ನಾನು ಸೆಕೆಂಡ್ ಹ್ಯಾಂಡ್ ಕಾರು ಕೊಂಡ ಮೇಲೆ ಆ ಗೋಡೆಗೆ ಒರಗಿ ಕಲಿತಷ್ಟನ್ನು ಯಾವ ಶಾಲೆಯಲ್ಲೂ ಕಲಿತಿಲ್ಲ.

ಕಾರು ನಿಲ್ಲಿಸಿದ ತಕ್ಷಣ ಬಾನೆಟ್ಟಿನ ಮೇಲೆ ಅಂಗೈ ತಿರುವಿ ಇಡುವುದು ಅವರ ಅಭ್ಯಾಸ. ಮಕ್ಕಳ ಜ್ವರ ನೋಡುವ ಹಾಗೆ. ಒಮ್ಮೆ ಅವರ ಕಾರಿನಲ್ಲಿ ನಾವಿಬ್ಬರೂ ಗುಬ್ಬಿಗೆ ಮದುವೆಗೆ ಹೋಗುವಾಗ ದಾರಿಯಲ್ಲಿ ಹುಡುಗನ ಕಡೆಯವರ ಕಾರು ಹೊಗೆಯಾಡುತ್ತಾ ನಿಂತಿತ್ತು. ಮದುಮಗನ ಸೋದರಮಾವ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ್ದ. ಪಕ್ಕದ ಬೋರಿನಿಂದ ಕೊಡ ತುಂಬಿ ತಂದವರು ಇಬ್ಬರು. ಇನ್ನೊಬ್ಬ ಎಳನೀರನ್ನೇ ಸುರಿಯೋಣ ಎನ್ನುತ್ತಿದ್ದ. ಮೇಡಂ ನಡುವೆ ನುಗ್ಗಿ ಮುಚ್ಚಳಕ್ಕೆ ಅಡ್ಡ ನಿಂತರು. "ಬಿಸಿ ಇದ್ದಾಗ ತೆಗೀಬಾರ್ದು. ಆರ್ಲಿ" ಎಂದರು. ಸೋದರಮಾವ ಮುಹೂರ್ತ ಹೋಗುತ್ತದೆ ಎಂದು ಎಗರಾಡಿದ. "ಮುಹೂರ್ತ ಹೋದ್ರೆ ಇನ್ನೊಂದ್ ಸಿಗುತ್ತೆ, ಮುಖ ಬೆಂದ್ ಹೋದ್ರೆ ಸಿಗಲ್ಲ. ಹುಡುಗನ್ನ ನನ್ ಕಾರಲ್ಲಿ ಹತ್ಸಿ, ನಾ ಬಿಟ್ಬರ್ತೀನಿ" ಎಂದರು. ಹಾಗೇ ಮಾಡಿದರು. ಆ ಮದುವೆಯ ವೀಡಿಯೋದಲ್ಲಿ ಮದುಮಗ ಇಳಿಯುವಾಗ ಡ್ರೈವರ್ ಸೀಟಿನಲ್ಲಿ ಇಳಕಲ್ ಸೀರೆಯ ಮೇಡಂ ಇದ್ದಾರೆ.

ಕೂಲೆಂಟ್ ಎಂದರೆ ಎಂಜಿನ್ ತಣ್ಣಗಿಡುವ ಬಣ್ಣದ ನೀರು ಎಂದಷ್ಟೇ ತಿಳಿದಿದ್ದ ನನಗೆ ಅವರು ಗೋಡೆಯಾಚೆಯಿಂದ ಪಾಠ ಹೇಳಿದರು. "ಬಣ್ಣ ನೋಡಿ ಮೋಸ ಹೋಗ್ಬೇಡಿ ಕಣ್ರೀ. ಬಣ್ಣ ಅವ್ರವ್ರ ಇಷ್ಟ, ಶರಬತ್ತಿಗೆ ಹಾಕಲ್ವಾ ಹಂಗೆ. ಕಾರಿನ ಪುಸ್ತಕದಲ್ಲಿ ಯಾವ್ದು ಅಂತ ಬರ್ದವ್ರೆ, ಡಬ್ಬಿ ಮೇಲೆ ಅದೇ ಇದೆಯಾ ನೋಡ್ಕಂಡ್ ತಗಳಿ. ಹಳೇದ್ರ ಜೊತೆ ಬೆರಕೆ ಮಾಡ್ಬೇಡಿ. ನೀರು ಬೆರೆಸೋದೇ ಆದ್ರೆ ಡಿಸ್ಟಿಲ್ಡ್ ವಾಟರ್. ನಮ್ಮೂರ್ ಬೋರ್ ನೀರು ಪಾತ್ರೆಗೇ ಬಿಳೀ ಪದರ ಹಿಡಿಸುತ್ತೆ, ರೇಡಿಯೇಟರ್‌ನ ಬಿಡುತ್ತಾ?"

ಪಾಠದ ಕೊನೆಯಲ್ಲಿ ಯಾವಾಗಲೂ ಒಂದೇ ಎಚ್ಚರಿಕೆ. ಕೂಲೆಂಟ್ ಸಿಹಿ, ನಾಯಿಗಳು ಆಸೆಯಿಂದ ನೆಕ್ಕುತ್ತವೆ, ನೆಕ್ಕಿದರೆ ಸಾಯುತ್ತವೆ. ಆದ್ದರಿಂದ ಕಾರಿನಿಂದ ಇಳಿಸಿದ್ದನ್ನು ಹನಿಯೂ ಬಿಡದೆ ಕ್ಯಾನಿಗೆ ತುಂಬಿ, ಮುಚ್ಚಳ ಬಿಗಿದು, ವರ್ಕ್‌ಶಾಪಿಗೆ ಕೊಟ್ಟು ಬರಬೇಕು. ಬೀದಿಯಲ್ಲಿ ಯಾರು ಕೂಲೆಂಟ್ ಬದಲಾಯಿಸಿದೆ ಎಂದರೂ ಅವರು ಕೇಳುತ್ತಿದ್ದುದು ಯಾವ ಕಂಪನಿ ಎಂದಲ್ಲ. "ಹಳೇದೆಲ್ಲಿ ಹಾಕಿದ್ರಿ?"

ಅವರಿಗೆ ಅಷ್ಟು ಆತಂಕವಾಗಲು ಕಾರಣ ಮೊಸರ. ಮೈಯೆಲ್ಲ ಕಪ್ಪು, ಗದ್ದ ಮಾತ್ರ ಬಿಳುಪಾಗಿದ್ದ ಬೀದಿನಾಯಿ. ಮೊಸರಿಗೆ ಬಾಯಿ ಹಾಕಿ ಬಂದಂತಿದೆ ಎಂದು ಮೇಡಂ ಇಟ್ಟ ಹೆಸರು. ಮಧ್ಯಾಹ್ನವೆಲ್ಲ ಅದು ಅವರ ಕಾರಿನ ಅಡಿ ನೆರಳಿಗೆ ಮಲಗುತ್ತಿತ್ತು. ಹೊರಡುವ ಮೊದಲು ಮೇಡಂ ಬಗ್ಗಿ, "ಏಳ್ಲಾ ಮೊಸರ, ಗುಬ್ಬಿಗ್ ಹೋಗ್ಬೇಕು" ಎಂದು ಹೇಳಿ, ಅದು ಮೈ ಮುರಿದು ಹೊರಗೆ ಬರುವವರೆಗೂ ಕಾಯುತ್ತಿದ್ದರು. ನನಗೆ ನಾಯಿ ಎಂದರೆ ಅಷ್ಟಕ್ಕಷ್ಟೆ.

ಇನ್ನು ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯಬೇಕು.

ಒಂದು ಭಾನುವಾರ ಮೇಡಂ ತಂಗಿಯ ಮನೆಗೆಂದು ಕುಣಿಗಲ್ಲಿಗೆ ಬಸ್ಸಿನಲ್ಲಿ ಹೋದರು. ಕಾರು ಒಯ್ಯಲಿಲ್ಲ, ಅದರ ಕೆಳಗಿನ ಪೈಪಿನಿಂದ ಕೂಲೆಂಟ್ ಆಗೊಮ್ಮೆ ಈಗೊಮ್ಮೆ ಒಂದು ಹನಿ ಜಿನುಗುತ್ತಿತ್ತು. "ಬಂದ್ಮೇಲೆ ಕ್ಲಿಪ್ ಬಿಗಿ ಮಾಡ್ತೀನಿ" ಎಂದು, ಹನಿ ಬೀಳುವಲ್ಲಿ ಒಂದು ಸ್ಟೀಲ್ ತಟ್ಟೆ ಇಟ್ಟು ಹೋದರು. ಅವರಿಲ್ಲದ ಹೊತ್ತಿನಲ್ಲಿ ನನ್ನ ಕಾರಿನ ಕೂಲೆಂಟನ್ನು ನಾನೊಬ್ಬನೇ ಬದಲಾಯಿಸಿ, ಸಂಜೆ ಅವರಿಂದ ಭೇಷ್ ಅನಿಸಿಕೊಳ್ಳಬೇಕೆಂಬ ಹುಚ್ಚು ನನಗೆ. ಅದುವರೆಗೆ ಟಾರ್ಚು ಹಿಡಿಯುವುದಷ್ಟೇ ನನ್ನ ಕೆಲಸವಾಗಿತ್ತು.

ಎಂಜಿನ್ ಆರುವ ತನಕ ಕಾದೆ. ಅಡಿಯ ಪ್ಲಗ್ ಬಿಚ್ಚಿ ಹಳೆಯ ಕೆಂಪು ಕೂಲೆಂಟನ್ನು ಬಟ್ಟೆ ನೆನೆಸುವ ಟಬ್ಬಿಗೆ ಇಳಿಸಿದೆ. ಕ್ಯಾನಿಗೆ ತುಂಬುವಾಗ ಆಲಿಕೆ ಇಲ್ಲದೆ ಕೈಯೆಲ್ಲ ಆಯಿತು. ಬಹುಪಾಲು ಕ್ಯಾನಿಗೆ ಬಿತ್ತು. ಉಳಿದದ್ದನ್ನು ಟಬ್ಬಿನಲ್ಲೇ ಗೇಟಿನ ಪಕ್ಕ ಬಿಟ್ಟು, ಹೊಸದನ್ನು ಹಾಕಿದೆ. ಒಳಗೆ ಸೇರಿದ ಗಾಳಿಗುಳ್ಳೆ ಹೊರಗೆ ಬಿಡುವುದು ಹೇಗೆಂದು ಫೋನಿನಲ್ಲಿ ನೋಡಲು ಒಳಗೆ ಹೋದೆ. ಹಿಂದಿರುಗಿದಾಗ ಟಬ್ಬು ತೊಳೆದಿಟ್ಟ ಹಾಗೆ ಖಾಲಿಯಾಗಿತ್ತು. ಪಕ್ಕದಲ್ಲಿ ಮೊಸರ ಕೂತು ಬಾಲ ಅಲ್ಲಾಡಿಸಿತು.

ಏನಾಯಿತೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಹೇಳುವ ಹಾಗಿಲ್ಲ, ಪಾಠ ಅಷ್ಟು ಸಲ ಕೇಳಿದ್ದೆ. ಸ್ವಲ್ಪವೇ ಇತ್ತು, ಏನಾಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ನೆಲಕ್ಕೆ ಎರಡು ಬಕೆಟ್ ನೀರು ಹೊಡೆದೆ.

ಐದು ಗಂಟೆಗೆ ಮೇಡಂ ಬಂದರು. ಕೂಲೆಂಟ್ ನಾನೇ ಬದಲಾಯಿಸಿದೆ ಎಂದೆ. ಬ್ಯಾಗನ್ನು ಗೋಡೆಯ ಮೇಲಿಟ್ಟು, ನನ್ನ ಕಾರಿನ ಬಾನೆಟ್ ಎತ್ತಿಸಿ, ಟ್ಯಾಂಕಿನ ಗೆರೆ ನೋಡಿದರು. "ಹಳೇದೆಲ್ಲಿ ಹಾಕಿದ್ರಿ?"

"ಎಲ್ಲಾ ಕ್ಯಾನಲ್ಲಿದೆ ಮೇಡಂ" ಎಂದು ಕ್ಯಾನ್ ಎತ್ತಿ ತೋರಿಸಿದೆ.

"ಹತ್ತಕ್ಕೆ ಹತ್ತು ಕಣ್ರೀ" ಎಂದರು. ಅವರ ಮುಖ ಅರಳಿತ್ತು. ಆ ಹತ್ತು ಅಂಕವನ್ನು ನಾನು ತೆಗೆದುಕೊಂಡೆ.

ಅಷ್ಟರಲ್ಲಿ ಮೊಸರ ಕುಡಿದವರ ಹಾಗೆ ತೂರಾಡುತ್ತಾ ಅವರ ಗೇಟಿಗೆ ಬಂತು. "ಅಯ್ಯೋ, ಏನ್ ತಿಂದ್ಯೋ ಎಲ್ಲೋ ಹೋಗಿ" ಎಂದು ಮೇಡಂ ಮಜ್ಜಿಗೆ ತರಲು ಒಳಗೆ ಓಡಿದರು. ಅದರ ಬಿಳಿ ಗದ್ದದಲ್ಲಿ ಕೆಂಪು ಕಲೆ ಇನ್ನೂ ಇತ್ತು. ಮೇಡಂ ಕಾರಿನ ಕೂಲೆಂಟ್ ಹಸಿರು, ನನ್ನದು ಕೆಂಪು. ನಾನು ಕರವಸ್ತ್ರ ಒದ್ದೆ ಮಾಡಿ ಆ ಗದ್ದವನ್ನು ಒರೆಸಿದೆ. ಮೊಸರ ಮುಖ ಮೇಲೆತ್ತಿ ಒರೆಸಿಸಿಕೊಂಡಿತು.

ಮಜ್ಜಿಗೆ ಹಿಡಿದು ಬಂದ ಮೇಡಂ ನೋಡಿ ಹೇಳಿದರು: "ನಾಯಿ ಕಂಡ್ರೆ ಮಾರ್ ದೂರ ಹೋಗೋರು, ಇವತ್ತು ಹೆಂಗ್ ಸವರ್ತಿದೀರಿ ನೋಡಿ. ಒಳ್ಳೇ ಜೀವ ಕಣ್ರೀ ನಿಮ್ದು."

ಮರುದಿನ ಮೊಸರ ಚೆನ್ನಾಗಿಯೇ ಓಡಾಡಿಕೊಂಡಿತ್ತು. ದೇವರಿದ್ದಾನೆ ಎಂದುಕೊಂಡೆ. ಮಂಗಳವಾರ ಏಳಲಿಲ್ಲ. ನನ್ನ ಕಾರಿನಲ್ಲೇ ದನದಾಸ್ಪತ್ರೆಗೆ ಒಯ್ದೆವು, ಹಿಂದಿನ ಸೀಟಿನಲ್ಲಿ ಮೇಡಂ, ತೊಡೆಯ ಮೇಲೆ ಅದು. ಡಾಕ್ಟರು ಪರೀಕ್ಷೆ ಮಾಡಿ, "ಎಲ್ಲಾದ್ರೂ ಕೂಲೆಂಟ್ ನೆಕ್ಕಿತ್ತಾ? ಕಿಡ್ನಿ ಹೋಗಿದೆ. ಅವತ್ತೇ ಗೊತ್ತಾಗಿದ್ರೆ ಟ್ರೈ ಮಾಡ್ಬೋದಿತ್ತು" ಎಂದರು.

ಮೇಡಂ ಹೇಳಿದರು: "ನಾನೇ. ನಾನೇ ತಟ್ಟೆ ಇಟ್ಟು ಹೋಗಿದ್ದೆ. ಬಂದಾಗ ಖಾಲಿ ಇತ್ತು, ನೋಡಿಯೂ ಹೊಳೀಲಿಲ್ಲ ನಂಗೆ."

ಆ ತಟ್ಟೆಗೆ ಬಿದ್ದಿದ್ದರೆ ಒಂದು ಚಮಚ ಬಿದ್ದಿರಬೇಕು, ನಿಂತ ಕಾರಿನಿಂದ ಅದೂ ಬಿದ್ದಿತ್ತೋ ಇಲ್ಲವೋ. ನನ್ನ ಟಬ್ಬಿನಲ್ಲಿ ಇದ್ದದ್ದು ಒಂದು ಲೋಟಕ್ಕೂ ಹೆಚ್ಚು. ನಾನು ಅವರ ಪಕ್ಕದಲ್ಲೇ ನಿಂತಿದ್ದೆ. "ನಿಮ್ಮ ತಪ್ಪಲ್ಲ ಬಿಡಿ ಮೇಡಂ" ಎಂದೆ. ಅಕ್ಷರಶಃ ನಿಜವಾದ ಮಾತು. ನನ್ನ ಜನ್ಮದಲ್ಲಿ ಅದಕ್ಕಿಂತ ದೊಡ್ಡ ಸುಳ್ಳನ್ನು ಆಡಿಲ್ಲ.

ಮೊಸರ ಅವತ್ತು ರಾತ್ರಿಯೇ ಸತ್ತಿತು. ತಿಂಗಳೊಳಗೆ ಅವರು ಕಾರನ್ನು ಬೆಳ್ಳಾವಿಯ ಯಾರಿಗೋ ಕೊಟ್ಟರು. "ಕೈ ಮೇಲೆ ನಂಬ್ಕೆ ಹೋಯ್ತು ಕಣ್ರೀ. ಊರಿಗೆಲ್ಲ ಹೇಳಿ ನಾನೇ ಹಿಂಗ್ ಮಾಡ್ದೆ" ಎಂದರು. ಮನೆ ಖಾಲಿ ಮಾಡಿ ಕುಣಿಗಲ್ಲಿನ ತಂಗಿಯ ಮನೆಗೆ ಹೊರಟ ದಿನ ಆಲಿಕೆ, ಕ್ಯಾನು, ಸ್ಪ್ಯಾನರುಗಳನ್ನೆಲ್ಲ ಗೋಡೆಯ ಮೇಲಿಂದ ನನಗೆ ದಾಟಿಸಿದರು. "ನೀವು ಹುಷಾರ್ ಮನುಷ್ಯ, ನಿಮ್ ಹತ್ರ ಇರ್ಲಿ."

ಹೇಳಬೇಕೆಂದು ದಿನವೂ ಅಂದುಕೊಳ್ಳುತ್ತಿದ್ದೆ. ಅವರ ಸಂಕಟ ಸ್ವಲ್ಪ ಆರಲಿ, ಆಮೇಲೆ ಹೇಳೋಣ ಎಂದು ಅವರ ಪಾಠವನ್ನೇ ನನ್ನ ಹೇಡಿತನಕ್ಕೆ ಬಳಸಿಕೊಂಡೆ. ಎರಡು ವರ್ಷ ಕಳೆಯಿತು.

ಕಡೆಗೆ ಹೋದ ಮಳೆಗಾಲದಲ್ಲಿ, ಹೇಳಿಯೇ ತೀರುತ್ತೇನೆಂದು ಕುಣಿಗಲ್ಲಿಗೆ ಹೋದೆ. ಮೇಡಂ ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಕೈಯಲ್ಲಿ ಒಂದು ಕೋಲು. ನಡೆಯಲು ಕಷ್ಟವೇನೋ ಎಂದುಕೊಂಡೆ. ತಂಗಿ ಕಾಫಿ ತಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕಂದು ಬಣ್ಣದ ನಾಯಿಯೊಂದು ಗೇಟಿನ ಸಂದಿಯಿಂದ ಮೂತಿ ತೂರಿಸಿತು. ಮೇಡಂ ಕೋಲೆತ್ತಿ ನೆಲಕ್ಕೆ ಬಡಿದರು. "ಹೋಗು, ನನ್ ಹತ್ರ ಬರ್ಬೇಡ. ಹೋಗ್ಲಾ."

"ಅಕ್ಕ ಹಿಂಗೇ. ಒಂದ್ ನಾಯೀನೂ ಹತ್ರ ಬಿಟ್ಕಳಲ್ಲ. ನನ್ ಕೈ ಸರಿಯಿಲ್ಲ ಅಂತಾಳೆ" ಎಂದರು ತಂಗಿ.

ಮೇಡಂ ನನ್ನ ಕಡೆ ತಿರುಗಿ, "ಕೂಲೆಂಟ್ ಬದಲಾಯಿಸ್ಕಂಡ್ರಾ? ಹಳೇದೆಲ್ಲಿ ಹಾಕಿದ್ರಿ?" ಎಂದರು.

"ಕ್ಯಾನಲ್ಲಿ ಮೇಡಂ" ಎಂದೆ. ಈ ಸಲ ಅದು ನಿಜವಾಗಿತ್ತು. ಅವರು ತಲೆಯಾಡಿಸಿದರು. ನಾನು ಕಾಫಿ ಕುಡಿದು ಎದ್ದು ಬಂದೆ.

ಕಾರ್ತಿಕದಲ್ಲಿ ಅವರು ಹೋದರೆಂದು ಫೋನು ಬಂತು. ಮಣ್ಣು ಮುಗಿದ ಮೇಲೆ ತಂಗಿಯೊಬ್ಬರೇ ಸಿಕ್ಕಾಗ, ಟಬ್ಬಿನಿಂದ ಹಿಡಿದು ಕರವಸ್ತ್ರದವರೆಗೆ ಎಲ್ಲವನ್ನೂ ಹೇಳಿದೆ. ಆಕೆ ಅಳಲಿಲ್ಲ, ಬೈಯಲಿಲ್ಲ. "ಇದ್ನ ನಂಗ್ಯಾಕ್ ಹೇಳ್ತೀರಿ?" ಎಂದರು.

ಆಮೇಲೆ ಒಳಗೆ ಹೋಗಿ ತಟ್ಟೆಯಲ್ಲಿ ಅನ್ನ ತಂದು, ಗೇಟನ್ನು ಪೂರ್ತಿ ತೆರೆದು, ಬೀದಿಯಲ್ಲಿದ್ದ ಕಂದು ನಾಯಿಯನ್ನು ಕರೆದರು. ಅದು ಗೇಟಿನ ತನಕ ಬಂತು, ಒಳಗೆ ಕಾಲಿಡಲಿಲ್ಲ. ಮೇಡಂ ಕೂರುತ್ತಿದ್ದ ಕುರ್ಚಿಯ ಕಡೆ ನೋಡುತ್ತಾ ಹೊರಗೇ ನಿಂತಿತ್ತು.